ಕ್ಲಾಸಲ್ಲಿ ಏನೂ ಅರ್ಥ ಆಗ್ತಿಲ್ಲ ಸರ್, ಡಿಗ್ರಿ ಬಿಟ್ಬಿಡ್ಲಾ?

ಪ್ರಶ್ನೆ: ಸರ್, ನಾನು ಕೊಡಗಿನ ಕಕ್ಕಬ್ಬೆ ಕಡೆಯವಳು. ಪಿಯುಸಿ ತನಕ ಕನ್ನಡ ಮೀಡಿಯಂ, ಕಾಮರ್ಸಲ್ಲಿ 82 ಪರ್ಸೆಂಟ್ ಬಂದಿತ್ತು. ಈ ವರ್ಷ ಮಡಿಕೇರಿಯಲ್ಲಿ ಬಿ.ಕಾಂ ಸೇರಿದೀನಿ. ಪಾಠ ಎಲ್ಲಾ ಇಂಗ್ಲಿಷಲ್ಲಿ. ಬೋರ್ಡಲ್ಲಿ ಬರೆದದ್ದನ್ನ ಬರ್ಕೊಳ್ತೀನಿ, ಮನೆಗೆ ಬಂದು ನೋಡಿದ್ರೆ ತಲೆಬುಡ ಗೊತ್ತಾಗಲ್ಲ. ಬಸ್ಸಲ್ಲೇ ದಿನಕ್ಕೆ ಮೂರು ಗಂಟೆ ಹೋಗುತ್ತೆ, ಮಳೆಗೆ ಎಷ್ಟೋ ದಿನ ಹೋಗೋಕೇ ಆಗಿಲ್ಲ. ಮುಂದಿನ ತಿಂಗಳು ಮೊದಲ ಇಂಟರ್ನಲ್ ಟೆಸ್ಟ್. ಕ್ಲಾಸಲ್ಲಿರೋರು ಹೆಚ್ಚಿನವರು ಇಂಗ್ಲಿಷ್ ಮೀಡಿಯಂನವರು, ಅವರ ಎದುರು ಡೌಟ್ ಕೇಳೋಕೆ ನಾಚಿಕೆ. ಅಪ್ಪ "ಆಗಲ್ಲಾಂದ್ರೆ ಬಿಡು, ಮನೇಲೇ ಇರು" ಅಂತಾರೆ. ಚೆನ್ನಾಗಿ ಮಾಡೋಕೆ ಏನು ಮಾಡ್ಬೇಕು? ಇಲ್ಲ ಬಿಟ್ಟು ಬೇರೆ ಏನಾದ್ರೂ ನೋಡ್ಲಾ?

ಉತ್ತರ: ಬಿಡೋ ವಿಷಯ ಕೊನೆಗೆ ಮಾತಾಡೋಣ ಅಮ್ಮ, ಅದಕ್ಕೀಗ ಅವಸರ ಇಲ್ಲ. ಇಂಟರ್ನಲ್‌ಗೆ ಇನ್ನೂ ಮೂರ್ನಾಲ್ಕು ವಾರ ಇದೆ ಅಂದ್ಯಲ್ಲ, ಅವಸರ ಇರೋದು ಅದಕ್ಕೆ.

ನಿಂಗೆ ಇಂಗ್ಲಿಷೇ ತೊಂದರೆ ಅಂತ ಅನ್ಸಿದೆ. ನಂಗೆ ಹಾಗನ್ಸಲ್ಲ. ವರ್ಷಾನುಗಟ್ಲೆ ಫಸ್ಟ್ ಇಯರ್ ಬಿ.ಕಾಂ ಕ್ಲಾಸ್ ತಗೊಂಡವನು ನಾನು, ಪಟಪಟ ಇಂಗ್ಲಿಷ್ ಮಾತಾಡೋ ಮಕ್ಕಳೂ ಮೊದಲ ಇಂಟರ್ನಲಲ್ಲಿ ಮಕಾಡೆ ಮಲಗೋದನ್ನ ಪ್ರತಿ ವರ್ಷ ನೋಡಿದೀನಿ. ಆಗಿರೋದು ಏನಂದ್ರೆ, ಪಿಯುಸಿಯಲ್ಲಿ ನಿನ್ನ ಹಿಂದೆ ಯಾರೋ ಒಬ್ರು ಇದ್ರು. ವಾರಕ್ಕೊಂದು ಟೆಸ್ಟು, ಹೋಂವರ್ಕ್ ಮಾಡದಿದ್ರೆ ಬೆಂಚ್ ಮೇಲೆ ನಿಲ್ಸೋದು, ಮಾರ್ಕ್ಸ್ ಕಮ್ಮಿ ಆದ್ರೆ ಮನೆಗೆ ಫೋನು, ಪಬ್ಲಿಕ್ ಪರೀಕ್ಷೆಗೆ ಮುಂಚೆ ಪ್ರಿಪರೇಟರಿ. ನಿಂಗೆ ಗೊತ್ತಿಲ್ದೇನೇ ಒಂದೇ ಪಾಠವನ್ನ ನಾಲ್ಕೈದು ಸಲ ನಿನ್ನ ಕೈಲಿ ಬರೆಸಿರ್ತಾರೆ. ಡಿಗ್ರಿಯಲ್ಲಿ ಲೆಕ್ಚರರ್ ಬರ್ತಾರೆ, ಒಂದು ಗಂಟೆ ಪಾಠ ಮಾಡ್ತಾರೆ, ಹೋಗ್ತಾರೆ, ಅಷ್ಟೇ. ನಿಂಗೆ ಅರ್ಥ ಆಯ್ತಾ ಇಲ್ವಾ ಅಂತ ಇಂಟರ್ನಲ್ ತನಕ ಯಾರೂ ಕೇಳಲ್ಲ. ಹಿಂದೆ ಬಿದ್ದು ಓದಿಸ್ತಿದ್ರಲ್ಲ, ಆ ಕೆಲಸ ಈಗ ಖಾಲಿ ಬಿದ್ದಿದೆ, ಅದನ್ನ ನೀನೇ ಮಾಡ್ಕೋಬೇಕು. ನಾನು ಮುಂದೆ ಹೇಳೋದೆಲ್ಲ ಅದನ್ನ ಹೇಗೆ ಮಾಡ್ಕೊಳ್ಳೋದು ಅಂತ, ಬೇರೆ ಮಂತ್ರ ಏನೂ ನನ್ನ ಹತ್ರ ಇಲ್ಲ.

ಮೊದಲು ನೋಟ್ಸ್ ವಿಷಯ. ಬೋರ್ಡಲ್ಲಿದ್ದದ್ದನ್ನ ಬರ್ಕೊಂಡು, ಮನೆಗೆ ಬಂದು ತೆರೆದು ಓದ್ತೀನಿ, ಅರ್ಥ ಆಗಲ್ಲ ಅಂತೀಯ. ಯಾವಾಗ ತೆರೀತೀಯ ಅಂತ ನೀನು ಬರ್ದಿಲ್ಲ, ಆದ್ರೆ ಹೆಚ್ಚಿನ ಮಕ್ಕಳು ತೆರೆಯೋದು ಭಾನುವಾರ, ಇಲ್ಲಾಂದ್ರೆ ಟೆಸ್ಟಿನ ಹಿಂದಿನ ದಿನ. ಅಷ್ಟೊತ್ತಿಗೆ ಲೆಕ್ಚರರ್ ಬಾಯಲ್ಲಿ ಹೇಳಿದ್ದೆಲ್ಲ ಹೋಗಿ ಬರೀ ಬೋರ್ಡಿನ ಗೀಟು ಉಳಿದಿರುತ್ತೆ. ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಒಬ್ರು, ಅರ್ಥವೇ ಇಲ್ಲದ ಅಕ್ಷರದ ತುಣುಕುಗಳನ್ನ ತಾವೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೆತುಹೋಗುತ್ತೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ರು. ಮರೆವು ಜಾಸ್ತಿ ಆಗೋದು ಮೊದಲ ಕೆಲವೇ ಗಂಟೆಗಳಲ್ಲಿ, ಆಮೇಲೆ ನಿಧಾನ ಆಗುತ್ತೆ ಅನ್ನೋದು ಅವರಿಗೆ ಕಂಡದ್ದು. ಅದಕ್ಕೇ ಅವತ್ತಿನ ಪಾಠವನ್ನ ಅವತ್ತೇ ಮುಟ್ಟಬೇಕು ಅನ್ನೋದು.

ಮುಟ್ಟೋದು ಅಂದ್ರೆ ಇನ್ನೊಂದ್ಸಲ ಓದೋದಲ್ಲ. ಇಲ್ಲೇ ಮಕ್ಕಳು ಎಡವೋದು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋರು ಕಾಲೇಜ್ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಒಂದೇ ಪಾಠವನ್ನ ಕೆಲವರಿಗೆ ಎರಡು ಸಲ ಓದೋಕೆ ಕೊಟ್ರು, ಇನ್ನು ಕೆಲವರಿಗೆ ಒಂದು ಸಲ ಓದ್ಸಿ, ನೆನಪಿದ್ದಷ್ಟನ್ನ ನೋಡದೆ ಬರೆಯೋಕೆ ಹೇಳಿದ್ರು. ಐದು ನಿಮಿಷ ಬಿಟ್ಟು ಟೆಸ್ಟ್ ಕೊಟ್ರೆ ಎರಡು ಸಲ ಓದಿದೋರೇ ಮುಂದೆ. ಆದ್ರೆ ಒಂದು ವಾರ ಬಿಟ್ಟು ಕೊಟ್ಟಾಗ ತಿರುವುಮುರುವು, ನೋಡದೆ ಬರೆದಿದ್ದೋರಿಗೆ ಸುಮಾರು ಶೇಕಡ 56 ನೆನಪಿತ್ತು, ಬರೀ ಓದಿದೋರಿಗೆ ಶೇಕಡ 42. ಓದೋವಾಗ "ಹಾಂ ಇದು ಗೊತ್ತು" ಅನ್ಸುತ್ತಲ್ಲ, ಅದನ್ನ ನಂಬಬೇಡ, ಅದು ಕಣ್ಣಿಗೆ ಪರಿಚಯ ಆಗಿರೋದು ಅಷ್ಟೇ.

ನಿನ್ನ ದಿನಕ್ಕೆ ಇದನ್ನ ಹೇಗೆ ಹೊಂದಿಸೋದು ಅಂದ್ರೆ, ಸಂಜೆ ಬಸ್ಸಲ್ಲಿ ಕೂತಾಗ ಪುಸ್ತಕ ತೆರೀಲೇಬೇಡ. ಮೂರ್ನಾಡು ನಾಪೋಕ್ಲು ರೋಡಿನ ಆ ತಿರುವುಗಳಲ್ಲಿ ಓದೋಕೆ ಹೋದ್ರೆ ವಾಂತಿನೇ ಬರೋದು. ಕಿಟಕಿ ಕಡೆ ಮುಖ ಮಾಡ್ಕೊಂಡು, ಇವತ್ತು ಎಷ್ಟು ಕ್ಲಾಸ್ ಆಯ್ತು, ಮೊದಲ ಕ್ಲಾಸಲ್ಲಿ ಏನು ಶುರು ಮಾಡಿದ್ರು, ಯಾವ ಲೆಕ್ಕ ಮಾಡ್ಸಿದ್ರು, ಎಲ್ಲಿ ನಂಗೆ ಕೈ ತಪ್ಪಿತು ಅಂತ ಮನಸ್ಸಲ್ಲೇ ಒಂದೊಂದಾಗಿ ಎಳ್ಕೊಂಡು ಬಾ. ಮನೆಗೆ ಹೋಗಿ ಕಾಫಿ ಕುಡಿದು, ಕರೆಂಟ್ ಇರ್ಲಿ ಇಲ್ದೇ ಇರ್ಲಿ, ಒಂದು ಹಳೇ ನೋಟ್‌ಬುಕ್‌ನಲ್ಲಿ ಅದೇ ವಿಷಯವನ್ನ ನೋಡದೆ ಅರ್ಧ ಗಂಟೆ ಬರೀ. ಆಮೇಲೆ ನೋಟ್ಸ್ ತೆರೆದು ಎಲ್ಲಿ ತಪ್ಪಾಯ್ತು, ಎಲ್ಲಿ ಬಿಟ್ಟುಹೋಯ್ತು ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕು. ದಿನಾ ಎಲ್ಲಾ ಸಬ್ಜೆಕ್ಟೂ ಆಗಲ್ಲ, ಬೇಡ, ಅವತ್ತು ಯಾವುದು ಕಷ್ಟ ಆಯ್ತೋ ಅದೊಂದು ಸಾಕು.

ಒಂದು ಉದಾಹರಣೆ ನೋಡು, ಸವಕಳಿ ಪಾಠ, ಅಂದ್ರೆ ಡಿಪ್ರಿಸಿಯೇಶನ್, ಮೆಷಿನ್ ಹಳೇದಾದ ಹಾಗೆ ಅದರ ಬೆಲೆ ಇಳಿಯೋ ಲೆಕ್ಕ. ಪಿಯುಸಿಯಲ್ಲಿ ನೀನು ಓದಿರೋದೇ. ನಿಮ್ಮನೇಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್, ಒಂದು ಪಲ್ಪರ್ ಇದೆ ಅಂತಿಟ್ಕೋ, ತಗೊಂಡಾಗ 1,00,000 ರೂಪಾಯಿ, ಒಂಬತ್ತು ವರ್ಷ ಓಡುತ್ತೆ, ಆಮೇಲೆ ಗುಜರಿಗೆ ಹಾಕಿದ್ರೆ 10,000 ಸಿಗುತ್ತೆ. ಸ್ಟ್ರೈಟ್ ಲೈನ್ ಮೆಥಡಲ್ಲಿ ಗುಜರಿ ದುಡ್ಡು ಕಳೆದು ಉಳಿದ 90,000ನ ಒಂಬತ್ತು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 10,000, ಪ್ರತಿ ವರ್ಷವೂ ಅಷ್ಟೇ. ರಿಟನ್ ಡೌನ್ ವ್ಯಾಲ್ಯೂ ಮೆಥಡಲ್ಲಿ ಶೇಕಡ 10 ಅಂತ ಕೊಟ್ಟಿದ್ರೆ ಮೊದಲ ವರ್ಷ 10,000, ಎರಡನೇ ವರ್ಷ ಉಳಿದ 90,000ದ ಮೇಲೆ 9,000, ಮೂರನೇ ವರ್ಷ 81,000ದ ಮೇಲೆ 8,100. ಇಷ್ಟು ಓದೋವಾಗ ಯಾರಿಗೂ ಕಷ್ಟ ಇಲ್ಲ. ಈಗ ಇದನ್ನ ಮುಚ್ಚಿಟ್ಟು, ಮೂರನೇ ವರ್ಷದ ಕೊನೆಗೆ ಲೆಕ್ಕದ ಪುಸ್ತಕದಲ್ಲಿ ಪಲ್ಪರ್ ಬೆಲೆ ಎರಡು ಮೆಥಡಲ್ಲೂ ಎಷ್ಟಿರುತ್ತೆ, ಜರ್ನಲ್ ಎಂಟ್ರಿಯಲ್ಲಿ ಯಾವುದು ಡೆಬಿಟ್ ಯಾವುದು ಕ್ರೆಡಿಟ್ ಅಂತ ಬರೀ ನೋಡೋಣ. 70,000 ಮತ್ತು 72,900 ಬಂತಾ? ಡಿಪ್ರಿಸಿಯೇಶನ್ ಅಕೌಂಟ್ ಡೆಬಿಟ್, ಮೆಷಿನರಿ ಅಕೌಂಟ್ ಕ್ರೆಡಿಟ್ ಅಂತ ಕೈ ತಾನಾಗೇ ಬರೀತಾ? ಬರೀದಿದ್ರೆ ಎಲ್ಲಿ ನಿಂತ್ಯೋ ಅದೇ ನಿನ್ನ ಡೌಟು. ನಾಳೆ ಕೇಳಬೇಕಾದದ್ದು ಅದನ್ನೇ.

ಇಂಗ್ಲಿಷಿಗೆ ಬರ್ತೀನಿ, ಅದನ್ನ ತಳ್ಳಿಹಾಕ್ತಿಲ್ಲ ನಾನು. ನಿನ್ನ ಪಿಯುಸಿ ಕನ್ನಡ ಪುಸ್ತಕ ಯಾರಿಗೂ ಕೊಟ್ಬಿಡಬೇಡ. ಫಸ್ಟ್ ಸೆಮಿಸ್ಟರ್ ಅಕೌಂಟ್ಸ್‌ನ ಬುಡ ಎಲ್ಲಾ ಅದರಲ್ಲೇ ಇದೆ. ನಾಳೆ ಕ್ಲಾಸಲ್ಲಿ ಯಾವ ಪಾಠ ಅಂತ ಗೊತ್ತಿದ್ರೆ ಹಿಂದಿನ ರಾತ್ರಿ ಹತ್ತು ನಿಮಿಷ ಕನ್ನಡದಲ್ಲಿ ಅದನ್ನ ಓದ್ಕೊಂಡು ಹೋಗು, ಆಮೇಲೆ ಇಂಗ್ಲಿಷಲ್ಲಿ ಕೇಳಿದ್ರೆ ಅರ್ಧ ತಾನಾಗೇ ಕೂರುತ್ತೆ. ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ನಿಂಗೆ ಅರ್ಥ ಆಗೋ ಕನ್ನಡ ಬರೀತಾ ಹೋಗು. ಕಾಮರ್ಸಲ್ಲಿ ಸುತ್ತಿ ಸುತ್ತಿ ಬರೋದು ಅವೇ ಪದಗಳು, ಒಂದು ಪೇಪರಿಗೆ ನಾಲ್ಕೈದು ಪುಟ ತುಂಬೋ ಹೊತ್ತಿಗೆ ಹೊಸದು ಬರೋದು ಕಮ್ಮಿ ಆಗಿರುತ್ತೆ. ಉತ್ತರ ಕನ್ನಡದಲ್ಲಿ ಬರೆಯೋಕೆ ಅವಕಾಶ ಇದ್ಯಾ ಅಂತ ಆಫೀಸಲ್ಲಿ ಕೇಳ್ಕೋ, ಇದ್ರೆ ಅದು ನಿನ್ನ ಹಕ್ಕು, ಅದಕ್ಕೆ ನಾಚಿಕೆ ಏನೂ ಬೇಡ. ನನ್ನ ಅಭಿಪ್ರಾಯ ಕೇಳಿದ್ರೆ ಲೆಕ್ಕದ ಪೇಪರ್‌ಗಳನ್ನ ಮೊದಲ ಇಂಟರ್ನಲಿಂದಲೇ ಇಂಗ್ಲಿಷಲ್ಲಿ ಬರೀ, ಅಲ್ಲಿ ವಾಕ್ಯ ಕಮ್ಮಿ, ಫಾರ್ಮ್ಯಾಟ್ ಜಾಸ್ತಿ. ಇಂಟರ್ನಲಲ್ಲಿ ತಪ್ಪಾದ್ರೆ ಹೋಗೋದು ಸ್ವಲ್ಪ, ಕಲಿಯೋಕೆ ಅದೇ ಅಗ್ಗದ ಜಾಗ.

ಡೌಟ್ ಕೇಳೋಕೆ ನಾಚಿಕೆ ಅಂದ್ಯಲ್ಲ. ಕ್ಲಾಸಲ್ಲಿ ಎದ್ದು ನಿಂತು ಕೇಳು ಅಂತ ನಾನು ಹೇಳಲ್ಲ, ಮೊದಲ ವರ್ಷ ಅದು ಎಲ್ಲರಿಂದ ಆಗೋ ಕೆಲಸ ಅಲ್ಲ. ಸ್ಟಾಫ್ ರೂಮಿಗೆ ಹೋಗು. ಆದ್ರೆ ಹೋಗಿ "ಸರ್, ನಂಗೇನೂ ಅರ್ಥ ಆಗ್ಲಿಲ್ಲ" ಅನ್ಬೇಡ. ಹಾಗಂದ್ರೆ ಪಾಪ ಅವರು ತಾನೇ ಎಲ್ಲಿಂದ ಶುರು ಮಾಡ್ಬೇಕು? ನಿನ್ನ ಬರವಣಿಗೆ ಹಿಡ್ಕೊಂಡು ಹೋಗಿ, "ಮೇಡಂ, ಇಲ್ಲಿ ತನಕ ನಂಗೆ ಬಂತು, ಈ ಎಂಟ್ರಿ ಯಾಕೆ ಹೀಗೆ ಅಂತ ಗೊತ್ತಾಗ್ಲಿಲ್ಲ" ಅನ್ನು. ಐದು ನಿಮಿಷದಲ್ಲಿ ಮುಗಿಯುತ್ತೆ. ಬೆರಳಿಟ್ಟು ತೋರಿಸಿ ಕೇಳೋ ಮಕ್ಕಳು ಬಂದ್ರೆ ಯಾವ ಲೆಕ್ಚರರಿಗೂ ಬೇಜಾರಾಗಲ್ಲ, ನಿಜ ಹೇಳ್ಬೇಕಂದ್ರೆ ಖುಷಿ ಆಗುತ್ತೆ, ಅಂಥೋರು ಬರೋದೇ ಕಮ್ಮಿ. ಅತಿಥಿ ಉಪನ್ಯಾಸಕರಾದ್ರೆ ಅವರ ಕ್ಲಾಸ್ ಇರೋ ದಿನ, ಹೊತ್ತು ಮೊದಲೇ ತಿಳ್ಕೊಂಡಿರು, ಎಷ್ಟೋ ಜನ ಎರಡು ಕಡೆ ಓಡಾಡ್ಕೊಂಡು ಪಾಠ ಮಾಡ್ತಿರ್ತಾರೆ, ಕ್ಲಾಸ್ ಮುಗಿದ ತಕ್ಷಣ ಬಸ್ ಹಿಡಿಯೋ ಗಡಿಬಿಡಿ ಅವರಿಗೂ ಇರುತ್ತೆ.

ಇಂಗ್ಲಿಷ್ ಮೀಡಿಯಂನೋರ ಬಗ್ಗೆ ತಲೆ ಕೆಡಿಸ್ಕೋಬೇಡ. ಅವರಲ್ಲಿ ಒಬ್ಬಳನ್ನ ಗೆಳತಿ ಮಾಡ್ಕೋ, ನಿಂಗೆ ಡೆಬಿಟ್ ಕ್ರೆಡಿಟ್ ಚೆನ್ನಾಗಿ ಬರುತ್ತೆ, ಅವಳಿಗೆ ಇಂಗ್ಲಿಷ್. ಮಧ್ಯಾಹ್ನ ಊಟದ ಹೊತ್ತಲ್ಲಿ ಇಬ್ರೂ ಕೂತು ಒಂದು ಲೆಕ್ಕ ಮಾಡಿ.

ಈಗ ಮಳೆ ಮತ್ತೆ ಅಟೆಂಡೆನ್ಸ್. ಇದನ್ನ ಹಗುರವಾಗಿ ತಗೋಬೇಡ, ಬುದ್ಧಿವಂತ ಮಕ್ಕಳೂ ಇಲ್ಲೇ ಸಿಕ್ಕಿಬೀಳೋದು. ಪರೀಕ್ಷೆಗೆ ಕೂರಬೇಕಾದ್ರೆ ಶೇಕಡ 75 ಹಾಜರಿ ಬೇಕು. ವಾರಕ್ಕೆ ನಾಲ್ಕು ಕ್ಲಾಸ್ ಇರೋ ಒಂದು ಸಬ್ಜೆಕ್ಟ್ ಹದಿನಾರು ವಾರ ನಡೀತು ಅಂದ್ರೆ 64 ಕ್ಲಾಸ್, ಅದರಲ್ಲಿ 48 ನೀನು ಇರ್ಲೇಬೇಕು, ಅಂದ್ರೆ ಕೈಲಿರೋದು 16. ಧಾರಾಳ ಇದೆ ಅನ್ಸುತ್ತೆ ಅಲ್ವಾ? ಡಿಸಿ ರಜೆ ಕೊಟ್ಟ ದಿನ ಕ್ಲಾಸೇ ಇಲ್ಲ, ಅದು ಲೆಕ್ಕಕ್ಕೆ ಬರಲ್ಲ, ತೊಂದರೆ ಇಲ್ಲ. ತೊಂದರೆ ಇರೋದು ಉಳಿದ ದಿನ. ರಜೆ ಕೊಟ್ಟಿರಲ್ಲ, ದಾರಿಯಲ್ಲಿ ಬೊಳಿಬಾಣೆ ಹತ್ರ ರೋಡಿಗೆ ನೀರು ಬಂದಿರುತ್ತೆ, ಇಲ್ಲ ಮರ ಬಿದ್ದು ಬಸ್ ನಿಂತಿರುತ್ತೆ, ಮಡಿಕೇರಿ ಪೇಟೆಯ ಮಕ್ಕಳು ಕೊಡೆ ಹಿಡ್ಕೊಂಡು ಕ್ಲಾಸಿಗೆ ಹೋಗಿರ್ತಾರೆ, ನಿಂಗೆ ಮಾತ್ರ ಆಬ್ಸೆಂಟ್. ಅದರ ಮೇಲೆ ಕೈಲ್ ಮುಹೂರ್ತ, ತೀರ್ಥೋದ್ಭವ, ಹುತ್ತರಿ ಅಂತ ನಮ್ಮ ಹಬ್ಬಗಳು, ಮಧ್ಯದಲ್ಲಿ ನೆಂಟರ ಮದುವೆ, ಒಂದು ವಾರ ಜ್ವರ. 16 ಯಾವಾಗ ಕರಗಿತು ಅಂತಲೇ ಗೊತ್ತಾಗಲ್ಲ. ಅದಕ್ಕೆ ಒಂದು ಸಣ್ಣ ಪುಸ್ತಕದಲ್ಲಿ ಸಬ್ಜೆಕ್ಟ್‌ವಾರು ನೀನೇ ಬರ್ದಿಡು. ರೋಡ್ ಬಂದಾಗಿ ಬರೋಕಾಗದ ದಿನ ಮಾರನೇ ದಿನವೇ ಕ್ಲಾಸ್ ಟೀಚರಿಗೆ ಲೆಟರ್ ಕೊಡು, ಜ್ವರ ಬಂದ್ರೆ ಡಾಕ್ಟರ್ ಸರ್ಟಿಫಿಕೇಟ್ ಆಗಲೇ ತಗೋ. ಸೆಮಿಸ್ಟರ್ ಕೊನೆಗೆ ಹಾಜರಿ ಕಮ್ಮಿ ಅಂತ ಪಟ್ಟಿ ಹಾಕಿದ ಮೇಲೆ ಅಪ್ಪನ್ನ ಕರ್ಕೊಂಡು ಪ್ರಿನ್ಸಿಪಾಲ್ ರೂಮಿನ ಹೊರಗೆ ನಿಲ್ಲೋದು ಯಾರಿಗೂ ಚಂದ ಅಲ್ಲ.

ದಿನಕ್ಕೆ ಮೂರು ಗಂಟೆ ಬಸ್ ಅನ್ನೋದು ನಿಜವಾಗ್ಲೂ ಜಾಸ್ತಿ. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಬಸ್ ಫ್ರೀ ಆದ್ರೂ ನಿಮ್ಮ ಕಡೆ ಓಡೋದು ಹೆಚ್ಚಿನದ್ದು ಪ್ರೈವೇಟ್ ಬಸ್, ಅಲ್ಲಿ ದುಡ್ಡು ಕೊಡ್ಲೇಬೇಕು. ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಅರ್ಜಿ ಆನ್‌ಲೈನಲ್ಲಿ ಹಾಕೋದು. ಈ ವರ್ಷದ್ದು ಮುಗಿದಿದ್ರೂ ಸೀಟ್ ಖಾಲಿ ಇದ್ಯಾ ಅಂತ ತಾಲ್ಲೂಕು ಆಫೀಸಲ್ಲಿ ಒಂದ್ಸಲ ವಿಚಾರಿಸು, ಬಿಟ್ಟುಹೋಗೋ ಮಕ್ಕಳು ಇದ್ದೇ ಇರ್ತಾರೆ. ಇಲ್ಲಾಂದ್ರೆ ಮಡಿಕೇರಿಯಲ್ಲಿ ಅತ್ತೆನೋ ದೊಡ್ಡಮ್ಮನೋ ಇದ್ರೆ ಪರೀಕ್ಷೆ ತಿಂಗಳಾದ್ರೂ ಅಲ್ಲಿರು.

ಹಳೇ ಪ್ರಶ್ನೆಪತ್ರಿಕೆ ಬಿಡಿಸೋದು ಒಳ್ಳೇದು, ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಇಲ್ಲೊಂದು ಗುಂಡಿ ಇದೆ. ನಮ್ಮಲ್ಲಿ 2021-22ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಸಿಲಬಸ್ ಬದಲಾಯ್ತು, ಮತ್ತೆ 2024-25ರಿಂದ ರಾಜ್ಯ ಸರ್ಕಾರ ಅದನ್ನ ಕೈಬಿಟ್ಟು ಮೊದಲಿನ ಹಾಗೆ ಮೂರು ವರ್ಷದ ಡಿಗ್ರಿ ತಂತು. ಅದರ ಮಧ್ಯೆ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯ್ತು, ಅದಕ್ಕೆ ಮುಂಚಿನ ಪೇಪರ್‌ಗಳ ಮೇಲೆ ಮಂಗಳೂರು ವಿಶ್ವವಿದ್ಯಾಲಯ ಅಂತ ಇರುತ್ತೆ. ಹಾಗಾಗಿ ಸೀನಿಯರ್ ಅಕ್ಕ ಪ್ರೀತಿಯಿಂದ ಕೊಟ್ಟ ಜೆರಾಕ್ಸ್ ಕಟ್ಟು ನಿನ್ನ ಸಿಲಬಸ್ಸೇ ಅಲ್ದೇ ಇರ್ಬೋದು. ಮೊದಲು ನಿನ್ನ ಬ್ಯಾಚಿನ ಸಿಲಬಸ್ ತೆಗೆದು ನೋಟ್‌ಬುಕ್‌ನ ಮೊದಲ ಪುಟಕ್ಕೆ ಅಂಟಿಸು, ಯಾವ ಯೂನಿಟ್ಟಲ್ಲಿ ಏನಿದೆ, ಇಂಟರ್ನಲಿಗೆ ಎಷ್ಟು ಅಂಕ, ಅಸೈನ್‌ಮೆಂಟಿಗೆ ಎಷ್ಟು ಎಲ್ಲಾ ಅದರಲ್ಲಿದೆ. ಪೇಪರ್ ಬಿಡಿಸೋಕೆ ಮುಂಚೆ ಇದ್ರ ಜೊತೆ ಇಟ್ಟು ನೋಡು. ಇಷ್ಟು ಸುಲಭದ ಕೆಲಸ ಮಾಡೋರು ಕ್ಲಾಸಿಗೆ ನಾಲ್ಕು ಜನ ಸಿಗಲ್ಲ, ನಂಗೆ ಅದು ಇವತ್ತಿಗೂ ಆಶ್ಚರ್ಯವೇ.

ಅಸೈನ್‌ಮೆಂಟನ್ನ ಮೊಬೈಲಲ್ಲಿ ಎಐ ಹತ್ರ ಕೇಳಿ ಹಾಗೇ ಇಳಿಸೋರು ಈಗ ಬಹಳ. ಮಾಡ್ಬೇಡ. ನೀತಿ ಪಾಠ ಅಂತ ಅಲ್ಲ, ನಿನ್ನ ಹತ್ರ ಬರೆಯೋ ಅಭ್ಯಾಸಕ್ಕೆ ಇರೋದೇ ಆ ಎರಡು ಮೂರು ಅಸೈನ್‌ಮೆಂಟು, ಅದನ್ನೂ ಬೇರೆಯೋರ ಕೈಲಿ ಮಾಡಿಸಿದ್ರೆ ಪರೀಕ್ಷೆ ಹಾಲಲ್ಲಿ ಕೈ ಓಡಲ್ಲ. ಅರ್ಥ ಆಗದ್ದನ್ನ ಕನ್ನಡದಲ್ಲಿ ವಿವರಿಸು ಅಂತ ಕೇಳೋಕೆ ಬೇಕಾದ್ರೆ ಬಳಸ್ಕೋ, ಅದೂ ಪುಸ್ತಕದ ಜೊತೆ ಹೋಲಿಸಿ ನೋಡು, ಲೆಕ್ಕದಲ್ಲಿ ಧೈರ್ಯವಾಗಿ ತಪ್ಪು ಹೇಳುತ್ತೆ ಅದು.

ಇನ್ನೊಂದು, ಮನೆ ಕೆಲಸ. ಹುತ್ತರಿ ಮುಗೀತಿದ್ದಂಗೆ ಕಾಫಿ ಕುಯ್ಲು ಜೋರಾಗುತ್ತೆ, ಕೆಲಸಕ್ಕೆ ಜನ ಸಿಗಲ್ಲ, ಮನೆ ಮಕ್ಕಳೆಲ್ಲ ತೋಟಕ್ಕೆ ಇಳೀಬೇಕಾಗುತ್ತೆ, ಒಣಗಿಸೋಕೆ ಕಣದಲ್ಲಿ ಹಾಕಿದ ಕಾಫಿ ಮೋಡ ಬಂದ್ರೆ ರಾಶಿ ಮಾಡೋಕೂ ಓಡ್ಬೇಕು. ನಿನ್ನ ಸೆಮಿಸ್ಟರ್ ಪರೀಕ್ಷೆ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರೋದು. ಹಾಲ್ ಟಿಕೆಟ್ ಬಂದ ದಿನ ಹೇಳಿದ್ರೆ ಜಗಳ ಆಗುತ್ತೆ. ಟೈಂ ಟೇಬಲ್‌ಗೆ ಕಾಯದೆ ಈಗಲೇ ಅಮ್ಮನ ಹತ್ರ ಕೂತು, ಪರೀಕ್ಷೆಗೆ ಮುಂಚಿನ ಎರಡು ವಾರ ನನ್ನನ್ನ ಬಿಟ್ಬಿಡಿ, ಉಳಿದ ಭಾನುವಾರ ಬರ್ತೀನಿ ಅಂತ ಮಾತು ತಗೋ.

ಎನ್‌ಸಿಸಿ ಇದೆಯಾ ನಿಮ್ಮ ಕಾಲೇಜಲ್ಲಿ? ಇಷ್ಟ ಇದ್ರೆ ಮೊದಲ ವರ್ಷವೇ ಸೇರು, ಎರಡನೇ ವರ್ಷ ಸೇರಿದ್ರೆ ಎನ್‌ಸಿಸಿಯ ಕೊನೇ ಹಂತದ ಸಿ ಸರ್ಟಿಫಿಕೇಟ್ ತನಕ ಮುಟ್ಟೋದು ಕಷ್ಟ. ಸಿ ಸರ್ಟಿಫಿಕೇಟಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇಕಡ 50 ಇದ್ರೆ ಸೇನೆಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ದಾರಿ ಇದೆ, ರಿಟನ್ ಪರೀಕ್ಷೆ ಇಲ್ಲ, ಹೆಣ್ಣುಮಕ್ಕಳಿಗೂ ಇದೆ. ಕಾರ್ಯಪ್ಪ, ತಿಮ್ಮಯ್ಯ ಅಂತ ಭಾಷಣ ಮಾಡೋ ನಮ್ಮೂರಲ್ಲೇ ಇದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಇಷ್ಟ ಇಲ್ವಾ, ಬಿಡು, ಬಸ್ ಸಿಗೋದೇ ಕಷ್ಟ ಇರೋವಾಗ ಬೆಳಿಗ್ಗೆ ಪರೇಡ್ ಎಲ್ಲರಿಗೂ ಆಗಲ್ಲ.

ರಾತ್ರಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಸುಮ್ನೆ ಅಳು ಬರುತ್ತೆ ಅನ್ನೋ ಹಾಗೇನಾದ್ರೂ ಇದ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಬಿಡ್ಲಾ ಅಂತ ಕೇಳಿದ್ದು. ಈಗ ಬೇಡ. ಈಗ ಬಿಟ್ರೆ ನೀನು ಬಿಡೋದು ಬಿ.ಕಾಂನ ಅಲ್ಲ, ಆರು ವಾರದ ಮಳೆಗಾಲವನ್ನ. ನಾನು ಹೇಳಿದ ಹಾಗೆ ಮೊದಲ ಸೆಮಿಸ್ಟರ್ ಮುಗಿಸು, ರಿಸಲ್ಟ್ ನೋಡು. ಒಂದು ಪೇಪರ್ ಹೋದ್ರೂ ಪ್ರಳಯ ಆಗಲ್ಲ, ಮತ್ತೆ ಕಟ್ಟಿ ಬರೀಬೋದು. ಆದ್ರೆ ಮೂರು ಸೆಮಿಸ್ಟರಿನ ಬಾಕಿ ಗುಡ್ಡೆ ಹಾಕ್ಕೋಬೇಡ, ಅದನ್ನ ತೀರಿಸೋ ಹೊತ್ತಿಗೆ ಹೊಸ ಪಾಠ ಓದೋಕೆ ಟೈಮೇ ಇರಲ್ಲ. ಲೆಕ್ಕ ಮಾಡೋವಾಗ್ಲೇ ಮನಸ್ಸಿಗೆ ಬೇಜಾರು, ಕಾಮರ್ಸೇ ಬೇಡ ಅನ್ನೋ ಹಾಗಿದ್ರೆ ಅದು ಬೇರೆ ಮಾತು, ಆಗ ಮುಂದಿನ ವರ್ಷ ಬಿ.ಎ ಅಥವಾ ಬೇರೆ ಕೋರ್ಸ್ ನೋಡೋಣ. ಮನೆ ಪರಿಸ್ಥಿತಿ ಕಷ್ಟ ಆಗಿ ನಿಜಕ್ಕೂ ಓಡಾಡೋಕೆ ಆಗಲ್ಲ ಅಂತಾದ್ರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಇದ್ದು ಬಿ.ಕಾಂ ಮಾಡೋ ದಾರಿಯೂ ಇದೆ. ಅಪ್ಪ "ಬಿಡು" ಅಂದದ್ದು ನೀನು ಅಳೋದು ನೋಡೋಕಾಗದೆ ಇರ್ಬೋದು, ಖರ್ಚಿನ ಚಿಂತೆಯೂ ಇರ್ಬೋದು, ಕೇಳಿ ನೋಡು.

ಖರ್ಚೇ ಚಿಂತೆ ಅಂತಾದ್ರೆ ಈ ವಾರ ಮಾಡ್ಬೇಕಾದ ಕೆಲಸ ಒಂದಿದೆ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಅರ್ಜಿ ಹಾಕ್ಬೇಕು, ಅದಕ್ಕೆ ನಾಡಕಚೇರಿಯಿಂದ ಸಿಗೋ ಜಾತಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು, ದುಡ್ಡು ಬರೋದು ಆಧಾರ್ ಸೀಡ್ ಆಗಿರೋ, ಅಂದ್ರೆ ಸರ್ಕಾರದ ದುಡ್ಡು ಬರೋಕೆ ಆಧಾರ್ ಜೋಡಿಸಿರೋ ಅಕೌಂಟಿಗೆ. ಬ್ಯಾಂಕಲ್ಲಿ ಬರೀ ಆಧಾರ್ ಜೆರಾಕ್ಸ್ ಕೊಟ್ಟಿದ್ರೆ ಸಾಲ್ದು, ಆ ಜೋಡಣೆಗೆ ಬ್ಯಾಂಕಲ್ಲಿ ಎನ್‌ಪಿಸಿಐ ಮ್ಯಾಪಿಂಗ್ ಅಂತಾರೆ, ಅದು ಆಗಿದ್ಯಾ ಅಂತಲೇ ಕೇಳು. ರೈತರ ಮಕ್ಕಳಿಗೆ ವಿದ್ಯಾನಿಧಿ ಅನ್ನೋ ಸ್ಕಾಲರ್‌ಶಿಪ್ ಈ ವರ್ಷ ಇದ್ಯಾ ಅಂತಲೂ ವಿಚಾರಿಸು, ಇದ್ರೆ ಅದಕ್ಕೆ ಅಪ್ಪನಿಗೋ ಅಮ್ಮನಿಗೋ ಫ್ರೂಟ್ಸ್ ಐಡಿ, ಅಂದ್ರೆ ಸರ್ಕಾರದ ರೈತ ನೋಂದಣಿ ನಂಬರ್ ಇರ್ಬೇಕು. ನಿಮ್ಮದು ಜಮ್ಮಾ ಜಾಗ, ಅಂದ್ರೆ ಕೊಡಗಿನಲ್ಲಿ ಮನೆತನಕ್ಕೆ ತಲೆಮಾರಿನಿಂದ ಬಂದ ಜಮೀನು ಆಗಿ, ಪಹಣಿ ಇನ್ನೂ ಒಕ್ಕದ (ಮನೆತನದ) ಹಿರಿಯರ ಹೆಸರಲ್ಲೇ ಇದ್ರೆ ಅಲ್ಲೇ ತಡೆ ಬೀಳೋದು, ಹಾಗಾಗಿ ಅರ್ಜಿಯ ಕೊನೇ ದಿನದ ತನಕ ಕಾಯದೆ ಅಪ್ಪನ ಹತ್ರ ಪಹಣಿ ಕೊಟ್ಟು ರೈತ ಸಂಪರ್ಕ ಕೇಂದ್ರಕ್ಕೆ ಕಳ್ಸು, ಅಲ್ಲಿ ಏನಂದ್ರು ಅಂತ ನಂಗೆ ಬರೀ.